ಬೆಳಗುವ ರಂಧ್ರಗಳು: ರಾಸಾಯನಿಕ ಸಂವೇದನೆಗಾಗಿ ಸಾವಯವ ಪದಾರ್ಥಗಳ ವಿನ್ಯಾಸ ಮತ್ತು ಹುಮನಾಬಾದಿನ ನೀರು

1. ನೀರು, ಕಲ್ಲು ಮತ್ತು ಪ್ರಶ್ನೆ

ಪುಣೆಯಿಂದ ಹೊರಟು ಸೊಲ್ಲಾಪುರ, ಹೈದರಾಬಾದುಗಳನ್ನು ಹಾದು ಮಚಲೀಪಟ್ಟಣ ಸೇರುವ ರಾಷ್ಟ್ರೀಯ ಹೆದ್ದಾರಿ 65ಕ್ಕೆ ಕರ್ನಾಟಕದಲ್ಲಿ ದಕ್ಕಿರುವುದು ಚಿಕ್ಕದೊಂದು ತುಂಡು. ಬಸವಕಲ್ಯಾಣ ಮತ್ತು ಹುಮನಾಬಾದ್ ಸೀಮೆಗಳನ್ನು ದಾಟಿದೊಡನೆ ಅದು ತೆಲಂಗಾಣದ ಜಹೀರಾಬಾದಿನ ಕಡೆಗೆ ಹೊರಟುಬಿಡುತ್ತದೆ. ಆದರೆ ದೇಶದ ರಾಸಾಯನಿಕ ಉದ್ಯಮದ ದೃಷ್ಟಿಯಿಂದ ಈ ತುಂಡು ಚಿಕ್ಕದಲ್ಲ, ಏಕೆಂದರೆ ಇದೇ ದಾರಿಯಲ್ಲಿ ಮುಂದೆ ಹೋದರೆ ಔಷಧದ ಮೂಲವಸ್ತುಗಳ ತಯಾರಿಕೆಗೆ ಹೆಸರಾದ ಪಟಾನ್‌ಚೆರು ಸಿಗುತ್ತದೆ, ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿಯೂ ಔಷಧ ಮತ್ತು ರಾಸಾಯನಿಕ ಘಟಕಗಳಿವೆ, ದ್ರಾವಕಗಳನ್ನು ಹೊತ್ತ ಟ್ಯಾಂಕರುಗಳು ಹಗಲಿರುಳೂ ಓಡಾಡುತ್ತವೆ, ರಸ್ತೆಯ ಎರಡೂ ಬದಿಯ ತೊಗರಿ ಮತ್ತು ಕಬ್ಬಿನ ಹೊಲಗಳಿಗೆ ಕೀಟನಾಶಕ, ಕಳೆನಾಶಕಗಳು ಬೀಳುತ್ತವೆ.

ಈ ಸೀಮೆಯ ನೆಲದ ಗುಣವನ್ನೂ ಇಲ್ಲಿ ಗಮನಿಸಬೇಕು. ಬೀದರ್ ಪ್ರಸ್ಥಭೂಮಿಯಲ್ಲಿ ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲು, ಕೆಳಗೆ ಜ್ವಾಲಾಮುಖಿಯ ಲಾವಾ ಹೆಪ್ಪುಗಟ್ಟಿ ಆದ ದಖ್ಖನ್ನಿನ ಕಪ್ಪು ಬಸಾಲ್ಟ್. ಜಂಬಿಟ್ಟಿಗೆಯ ತುಂಬ ತೂತುಗಳಿರುವುದರಿಂದ ಮಳೆನೀರು ಅದರಲ್ಲಿ ಸುಲಭವಾಗಿ ಇಳಿದು, ಗಟ್ಟಿಯಾದ ಬಸಾಲ್ಟಿನ ಮೇಲೆ ಬಂದು ನಿಲ್ಲುತ್ತದೆ. ಈ ಎರಡು ಕಲ್ಲುಗಳು ಕೂಡುವ ಮಟ್ಟವನ್ನು ಅರಿತೇ ಬಹಮನಿಗಳ ಕಾಲದಲ್ಲಿ ಬೀದರಿನ ನೌಬಾದಿನ ಸುರಂಗ ಬಾವಿಯನ್ನು ತೋಡಲಾಯಿತು. ನೀರನ್ನು ಒಳಗೆ ಬಿಟ್ಟುಕೊಳ್ಳುವ ಕಲ್ಲು ನೀರಿನಲ್ಲಿ ಕರಗಿದ್ದನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಬಾವಿಯ ನೀರಿನಲ್ಲಿ ಏನಿದೆ, ಎಷ್ಟಿದೆ ಎಂಬ ಪ್ರಶ್ನೆಗೆ ಇಲ್ಲಿ ಬೇರೆಡೆಗಿಂತ ಹೆಚ್ಚಿನ ತುರ್ತು ಇದೆ.

ಈ ಪ್ರಶ್ನೆಗೆ ಉತ್ತರ ಕೊಡುವ ಉಪಕರಣಗಳು ಇಲ್ಲದಿಲ್ಲ. ಮಿಶ್ರಣದ ಘಟಕಗಳನ್ನು ಬೇರ್ಪಡಿಸುವ ವರ್ಣಲೇಖನ ಯಂತ್ರವೂ, ಬೇರ್ಪಟ್ಟ ಅಣುಗಳನ್ನು ತೂಕದಿಂದ ಗುರುತಿಸುವ ದ್ರವ್ಯರಾಶಿ ರೋಹಿತಮಾಪಕವೂ ಜೊತೆಗೂಡಿದರೆ ಅತ್ಯಲ್ಪ ಪ್ರಮಾಣದ ವಿಷವನ್ನೂ ಹೆಸರು ಹಿಡಿದು ಹೇಳಬಲ್ಲವು. ಆದರೆ ಅವು ಇರುವುದು ದೊಡ್ಡ ಪ್ರಯೋಗಾಲಯಗಳಲ್ಲಿ. ಮಾದರಿಯನ್ನು ಅಲ್ಲಿಗೆ ಒಯ್ದು, ವರದಿ ಬರುವವರೆಗೆ ಕಾದು, ವೆಚ್ಚವನ್ನು ಭರಿಸಬೇಕು. ಯಾವ ಬಾವಿಯ ಮಾದರಿಯನ್ನು ಅಲ್ಲಿಗೆ ಕಳಿಸಬೇಕು ಎಂದು ಬಾವಿಯ ಕಟ್ಟೆಯ ಮೇಲೆಯೇ ತಿಳಿಸುವ, ಅಗ್ಗದ, ಕೈಯಲ್ಲಿ ಹಿಡಿಯಬಹುದಾದ ಮೊದಲ ಹಂತದ ಸಂವೇದಕವೊಂದು ಬೇಕಾಗುತ್ತದೆ. ಕಳೆದ ಎರಡು ದಶಕಗಳಲ್ಲಿ ಇದಕ್ಕೆ ಸೂಕ್ತವೆಂದು ಕಂಡುಬಂದಿರುವ ಪದಾರ್ಥಗಳಲ್ಲಿ ಬೆಳಕು ಸೂಸುವ ರಂಧ್ರಯುಕ್ತ ಸಾವಯವ ಪದಾರ್ಥಗಳು ಮುಖ್ಯವಾದವು. ಅವುಗಳ ವಿನ್ಯಾಸದ ತತ್ತ್ವವನ್ನು ವಿವರಿಸುವುದೂ, ಅಂಥ ವಿನ್ಯಾಸವು ಪ್ರಯೋಗಾಲಯದ ಶುದ್ಧ ನೀರಿನಿಂದಲ್ಲ, ಪರೀಕ್ಷೆಗೆ ಒಳಗಾಗಬೇಕಾದ ಬಾವಿಯ ನೀರಿನಿಂದ ಆರಂಭವಾಗಬೇಕೆಂದು ತೋರಿಸುವುದೂ ಈ ಉಪನ್ಯಾಸದ ಉದ್ದೇಶ.

2. ಬೆಳಕು ಹುಟ್ಟುವ ಮತ್ತು ನಂದುವ ಬಗೆ

ಮಲೇರಿಯಾಕ್ಕೆ ಮದ್ದಾಗಿದ್ದ ಕ್ವಿನೈನಿನ ದ್ರಾವಣವನ್ನು ಸೂರ್ಯನ ರೋಹಿತದಲ್ಲಿ ನೇರಳೆಯ ಆಚೆಗಿನ, ಕಣ್ಣಿಗೆ ಕಾಣದ ಭಾಗದಲ್ಲಿ ಇಟ್ಟರೆ ಅದು ತಿಳಿನೀಲಿಯಾಗಿ ಬೆಳಗುತ್ತದೆ ಎಂಬುದನ್ನು 1852ರಲ್ಲಿ ಕೇಂಬ್ರಿಜ್‌ನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಸವಿಸ್ತಾರವಾಗಿ ವಿವರಿಸಿ, ಅಣು ಹೀರಿದ ಬೆಳಕಿಗಿಂತ ಅದು ಹೊರಸೂಸುವ ಬೆಳಕು ಹೆಚ್ಚು ತರಂಗದೂರದ್ದು, ಎಂದರೆ ಕಡಿಮೆ ಶಕ್ತಿಯದು, ಎಂದು ತೋರಿಸಿದರು. ಇದೇ ಪ್ರತಿದೀಪ್ತಿ. ಅತಿನೇರಳೆ ಕಿರಣವನ್ನು ಹೀರಿದ ಅಣುವಿನ ಎಲೆಕ್ಟ್ರಾನು ಮೇಲಿನ ಶಕ್ತಿಮಟ್ಟಕ್ಕೆ ಏರುತ್ತದೆ. ಕೆಲವು ನ್ಯಾನೋಸೆಕೆಂಡು, ಎಂದರೆ ಸೆಕೆಂಡಿನ ನೂರು ಕೋಟಿಯ ಕೆಲವು ಭಾಗಗಳಷ್ಟು ಹೊತ್ತು ಅಲ್ಲಿ ನಿಂತು, ಸ್ವಲ್ಪ ಶಕ್ತಿಯನ್ನು ಕಂಪನವಾಗಿ ಕಳೆದುಕೊಂಡು, ಉಳಿದದ್ದನ್ನು ಬೆಳಕಾಗಿ ಬಿಟ್ಟು ಕೆಳಗಿಳಿಯುತ್ತದೆ. ಏಕಬಂಧ ಮತ್ತು ದ್ವಿಬಂಧ, ಅಥವಾ ಏಕಬಂಧ ಮತ್ತು ತ್ರಿಬಂಧ, ಒಂದಾದ ಮೇಲೊಂದರಂತೆ ಬರುವ ಇಂಗಾಲದ ರಚನೆಗಳಲ್ಲಿ ಎಲೆಕ್ಟ್ರಾನುಗಳು ಒಂದೇ ಪರಮಾಣುವಿಗೆ ಅಂಟಿಕೊಳ್ಳದೆ ಇಡೀ ರಚನೆಯಲ್ಲಿ ಹರಡಿರುತ್ತವೆ. ಇಂಥ ರಚನೆಗೆ ಸಂಯುಗ್ಮಿತ ಎಂದು ಹೆಸರು. ಬೆಳಗುವ ಸಾವಯವ ಪದಾರ್ಥಗಳು ಬಹುತೇಕ ಈ ಜಾತಿಯವು.

ಎಲೆಕ್ಟ್ರಾನು ಮೇಲಿನ ಮಟ್ಟದಲ್ಲಿರುವ ಆ ಅಲ್ಪಾವಧಿಯಲ್ಲಿ ಬೇರೊಂದು ಅಣು ಹತ್ತಿರ ಬಂದು ಎಲೆಕ್ಟ್ರಾನನ್ನಾಗಲಿ ಶಕ್ತಿಯನ್ನಾಗಲಿ ಸೆಳೆದುಕೊಂಡರೆ ಬೆಳಕು ಹುಟ್ಟುವುದಿಲ್ಲ. ಈ ನಂದುವಿಕೆಗೆ ದೀಪ್ತಿಶಮನ ಎನ್ನುತ್ತಾರೆ, ರಾಸಾಯನಿಕ ಸಂವೇದನೆಯ ಬಹುಪಾಲು ಇದನ್ನೇ ಆಧರಿಸಿದೆ. ಟಿಎನ್‌ಟಿ, ಪಿಕ್ರಿಕ್ ಆಮ್ಲಗಳಂಥ ನೈಟ್ರೋ ಸಂಯುಕ್ತಗಳಿಗೆ ಎಲೆಕ್ಟ್ರಾನಿನ ಹಸಿವು ಹೆಚ್ಚಾದ್ದರಿಂದ ಅವು ಬೆಳಕನ್ನು ಬೇಗ ನಂದಿಸುತ್ತವೆ. ಎಷ್ಟು ನಂದಿತು ಎಂಬುದರಿಂದ ಎಷ್ಟು ಇದೆ ಎಂದು ಲೆಕ್ಕ ಹಾಕುವ ಸೂತ್ರವನ್ನು ಆಟೋ ಸ್ಟರ್ನ್ ಮತ್ತು ಮ್ಯಾಕ್ಸ್ ವೋಲ್ಮರ್ 1919ರಲ್ಲಿ ಕೊಟ್ಟರು. ಅದರ ಪ್ರಕಾರ ಮೊದಲಿದ್ದ ಬೆಳಕನ್ನು ಈಗ ಉಳಿದ ಬೆಳಕಿನಿಂದ ಭಾಗಿಸಿದರೆ ಬರುವ ಸಂಖ್ಯೆಯು, ಶಾಮಕ, ಎಂದರೆ ಬೆಳಕನ್ನು ನಂದಿಸುವ, ಅಣುವಿನ ಸಾರತೆಯನ್ನು ಒಂದು ಸ್ಥಿರಾಂಕದಿಂದ ಗುಣಿಸಿ 1ನ್ನು ಕೂಡಿಸಿದ ಮೊತ್ತಕ್ಕೆ ಸಮ. ಈ ಸ್ಥಿರಾಂಕ ದೊಡ್ಡದಾದಷ್ಟೂ ಸಂವೇದಕ ಸೂಕ್ಷ್ಮ. ಮುಂದಿನ ಲೆಕ್ಕಾಚಾರಕ್ಕೆ ಇದೇ ಆಧಾರ.

3. ರಂಧ್ರ ಏಕೆ ಬೇಕು

ಸರಂಧ್ರ ಪದಾರ್ಥಗಳು ಪ್ರಕೃತಿಗೆ ಹೊಸತಲ್ಲ. ದಖ್ಖನ್ ಬಸಾಲ್ಟಿನ ಪೊಟರೆಗಳಲ್ಲಿ ಬೆಳೆಯುವ ಜಿಯೊಲೈಟ್ ಹರಳುಗಳ ಒಳಗೆ ಅಣುವಿನ ಗಾತ್ರದ ಕೊಠಡಿಗಳಿವೆ. ಹಿಡಿಸುವ ಅಣು ಒಳಹೋಗುತ್ತದೆ, ಹಿಡಿಸದ್ದು ಹೊರಗುಳಿಯುತ್ತದೆ. ಶುದ್ಧ ಮತ್ತು ಅನ್ವಯಿಕ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟದ ವರ್ಗೀಕರಣದಂತೆ 2 ನ್ಯಾನೋಮೀಟರಿಗಿಂತ ಕಿರಿದಾದುದು ಸೂಕ್ಷ್ಮರಂಧ್ರ, 2ರಿಂದ 50ರವರೆಗಿನದು ಮಧ್ಯಮರಂಧ್ರ, ಅದಕ್ಕೂ ದೊಡ್ಡದು ಸ್ಥೂಲರಂಧ್ರ. ಜಿಯೊಲೈಟುಗಳು ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕಗಳಿಂದಾದವು. ಲೋಹದ ಅಯಾನುಗಳನ್ನು ಸಾವಯವ ಕೊಂಡಿಗಳಿಂದ ಬೆಸೆದು ಇಂಥದೇ ಕೊಠಡಿಗಳನ್ನು ಕಟ್ಟುವ ಲೋಹ-ಸಾವಯವ ಚೌಕಟ್ಟುಗಳಿಗಾಗಿ ಸುಸುಮು ಕಿಟಗಾವಾ, ರಿಚರ್ಡ್ ರಾಬ್ಸನ್ ಮತ್ತು ಒಮರ್ ಯಾಘಿ ಅವರಿಗೆ 2025ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಇಲ್ಲಿ ಪ್ರಸ್ತುತವಾದವು ಲೋಹವೇ ಇಲ್ಲದ, ಇಂಗಾಲ, ಜಲಜನಕ, ಸಾರಜನಕ ಮೊದಲಾದ ಹಗುರ ಧಾತುಗಳಿಂದಲೇ ಆದ ಚೌಕಟ್ಟುಗಳು.

ಇವುಗಳಲ್ಲಿ ಎರಡು ಬಗೆಗಳು ಮುಖ್ಯ. ಯಾಘಿ ಅವರ ಗುಂಪು 2005ರಲ್ಲಿ ಪ್ರಕಟಿಸಿದ ಸಹವೇಲೆನ್ಸೀಯ ಸಾವಯವ ಚೌಕಟ್ಟುಗಳು ಹರಳಿನಂತೆ ಕ್ರಮಬದ್ಧವಾದವು. ಬೋರಾನಿನ ಆಮ್ಲಗಳನ್ನು ಬೆಸೆದು ಮಾಡಿದ ಮೊದಲ ಎರಡು ಚೌಕಟ್ಟುಗಳ ರಂಧ್ರಗಳು 0.7ರಿಂದ 2.7 ನ್ಯಾನೋಮೀಟರಿನವು, ಅವುಗಳಲ್ಲೊಂದರ ಒಳಮೈ ಗ್ರಾಮಿಗೆ 1,590 ಚದರ ಮೀಟರ್. ಲಿವರ್‌ಪೂಲಿನ ಆಂಡ್ರ್ಯೂ ಕೂಪರ್ ಗುಂಪು 2007ರಲ್ಲಿ ತಯಾರಿಸಿದ ಸಂಯುಗ್ಮಿತ ಸೂಕ್ಷ್ಮರಂಧ್ರ ಪಾಲಿಮರುಗಳಲ್ಲಿ ಹರಳಿನ ಕ್ರಮವಿಲ್ಲ, ಆದರೆ ಚೌಕಟ್ಟಿನ ಉದ್ದಕ್ಕೂ ಎಲೆಕ್ಟ್ರಾನುಗಳು ಹರಡಬಲ್ಲವು; ಒಳಮೈ ಗ್ರಾಮಿಗೆ 834 ಚದರ ಮೀಟರಿನವರೆಗೆ ಇತ್ತು, ಎಂದರೆ ಚಿಟಿಕೆ ಪುಡಿಯೊಳಗೆ ಎಂಟು ಗುಂಟೆಗೂ ಮೀರಿದ ಹರವು. ಈ ಅಂಕಿಗಳು ದೊರೆಯುವುದು 1938ರ ಬ್ರುನೌಯರ್, ಎಮ್ಮೆಟ್, ಟೆಲ್ಲರ್ ವಿಧಾನದಿಂದ. ಪುಡಿಯನ್ನು ದ್ರವ ಸಾರಜನಕದ ತಾಪಕ್ಕೆ, ಅಂದರೆ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿಸಿ, ಅದರ ಮೈಮೇಲೆ ಎಷ್ಟು ಸಾರಜನಕ ಕೂರುತ್ತದೆಂದು ಅಳೆದು ಹರವನ್ನು ಲೆಕ್ಕಹಾಕಲಾಗುತ್ತದೆ.

ಕೂಪರ್ ಅವರ ಪಾಲಿಮರ್ ತಯಾರಾಗುವ ರೀತಿಯನ್ನು ಹತ್ತಿರದಿಂದ ನೋಡಿದರೆ ವಿನ್ಯಾಸ ಎಂಬುದರ ಅರ್ಥ ಸ್ಪಷ್ಟವಾಗುತ್ತದೆ. ಒಂದು ಬೆಂಜೀನ್ ಉಂಗುರದ ಮೂರು ಮೂಲೆಗಳಲ್ಲಿ ತ್ರಿಬಂಧದ ತೋಳುಗಳುಳ್ಳ ಅಣುವನ್ನೂ, ಎದುರುಬದುರಾಗಿ ಎರಡು ಅಯೋಡಿನ್ ಪರಮಾಣುಗಳುಳ್ಳ ಇನ್ನೊಂದು ಬೆಂಜೀನನ್ನೂ, ಪೆಲೇಡಿಯಂ ಮತ್ತು ತಾಮ್ರದ ವೇಗವರ್ಧಕಗಳೊಡನೆ, ಗಾಳಿ ತಾಗದಂತೆ ಬಿಸಿಮಾಡಿದರೆ ಅಯೋಡಿನ್ ಕಳಚಿ ತೋಳುಗಳು ಬೆಸೆದುಕೊಳ್ಳುತ್ತವೆ. ಮೂರು ದಿಕ್ಕಿನ ಸಂಧಿಗಳ ನಡುವೆ ಬಾಗದ ಸರಳುಗಳಿರುವುದರಿಂದ ಜಾಲವು ಕುಸಿದು ಒತ್ತೊತ್ತಾಗಲಾರದು. ಹಾಗೆ ಕುಸಿಯಲಾಗದೆ ಉಳಿದ ಜಾಗವೇ ರಂಧ್ರ. ಸರಳನ್ನು ಉದ್ದ ಮಾಡಿದರೆ ರಂಧ್ರದ ಗಾತ್ರ ಬದಲಾಗುತ್ತದೆ, ಸರಳಿನ ಜಾಗದಲ್ಲಿ ಬೇರೆ ಅಣುವನ್ನಿಟ್ಟರೆ ಬೆಳಕಿನ ಬಣ್ಣ ಬದಲಾಗುತ್ತದೆ. ಯಾವ ದ್ರಾವಕದಲ್ಲಿಯೂ ಕರಗದೆ ಉಳಿಯುವ ಪುಡಿಯನ್ನು ಮೆಥನಾಲಿನಿಂದ ಬಹಳ ಹೊತ್ತು ತೊಳೆಯಬೇಕು. ಹಾಗೆ ತೊಳೆದರೂ ಜಾಲದೊಳಗೆ ಸಿಕ್ಕಿಕೊಂಡ ಪೆಲೇಡಿಯಂ ಕಣಗಳು ಪೂರ್ತಿ ಹೋಗದೆ, ತಾವೇ ಬೆಳಕನ್ನು ನಂದಿಸುವುದುಂಟು. ಲೋಹದ ವೇಗವರ್ಧಕ ಬೇಡದ ಬೆಸುಗೆಗಳನ್ನು ಸಂವೇದಕಗಳಿಗಾಗಿ ಹುಡುಕುವುದಕ್ಕೆ ಇದೂ ಒಂದು ಕಾರಣ.

4. ಬೆಳಕೂ ರಂಧ್ರವೂ ಒಂದೇ ಚೌಕಟ್ಟಿನಲ್ಲಿ

ಬೆಳಗುವ ಅಣುಗಳನ್ನು ರಂಧ್ರಯುಕ್ತ ಜಾಲದೊಳಗೆ ಕಟ್ಟಿದರೆ ಕೆಲಸ ಮುಗಿಯಿತೆಂದು ತೋರಬಹುದು, ಆದರೆ ಅಲ್ಲಿಂದಲೇ ತೊಡಕು ಶುರುವಾಗುತ್ತದೆ. ಪೈರೀನಿನಂಥ ಚಪ್ಪಟೆ ಅಣುಗಳ ದ್ರಾವಣವನ್ನು ಗಾಢಗೊಳಿಸುತ್ತ ಹೋದರೆ ಅದರ ಸಹಜ ಬೆಳಕು ಕುಗ್ಗುವುದನ್ನು ಫೋರ್ಸ್ಟರ್ ಮತ್ತು ಕಾಸ್ಪರ್ 1954ರಲ್ಲಿಯೇ ಗುರುತಿಸಿದ್ದರು. ಅಣುಗಳು ಒಂದರ ಮೇಲೊಂದು ಕುಳಿತಾಗ ಶಕ್ತಿಯು ಬೆಳಕಾಗದೆ ಒಳಗೊಳಗೇ ಸೋರಿಹೋಗುವುದು ಇಂಥ ಕುಗ್ಗುವಿಕೆಗೆ ಮುಖ್ಯ ಕಾರಣ. ಸಹವೇಲೆನ್ಸೀಯ ಚೌಕಟ್ಟುಗಳ ಹಾಳೆಗಳು ಸುಮಾರು 0.35 ನ್ಯಾನೋಮೀಟರ್ ಅಂತರದಲ್ಲಿ ಒತ್ತಾಗಿ ಜೋಡಿಕೊಳ್ಳುವುದರಿಂದ ಅವುಗಳಲ್ಲಿ ಹಲವು ಮಂಕಾಗಿಯೇ ಇರುತ್ತವೆ. ರಂಧ್ರವನ್ನು ಕ್ರಮಬದ್ಧಗೊಳಿಸುವ ಜೋಡಣೆಯೇ ಬೆಳಕಿಗೆ ಮುಳುವಾಗುತ್ತದೆ.

ಈ ತೊಡಕಿಗೆ ಪರಿಹಾರ ಬಂದದ್ದು ಹಾಂಗ್‌ಕಾಂಗಿನಿಂದ. ಕೆಲವು ಅಣುಗಳು ದ್ರಾವಣದಲ್ಲಿ ಮಂಕಾಗಿದ್ದು ಗುಂಪುಗೂಡಿದಾಗ ಪ್ರಖರವಾಗಿ ಬೆಳಗುತ್ತವೆಂಬುದನ್ನು ಬೆನ್ ಝಾಂಗ್ ಟ್ಯಾಂಗ್ ಅವರ ಗುಂಪು 2001ರಲ್ಲಿ ವರದಿ ಮಾಡಿ, ಅದಕ್ಕೆ ಗುಂಪುಗೂಡಿಕೆಯಿಂದಾದ ದೀಪ್ತಿ ಎಂಬರ್ಥದ ಹೆಸರು ಕೊಟ್ಟಿತು. ಈ ವರ್ಗಕ್ಕೆ ಸೇರಿದ ಟೆಟ್ರಾಫೀನೈಲ್‌ಎಥಿಲೀನಿನಲ್ಲಿ ನಾಲ್ಕು ಬೆಂಜೀನ್ ಉಂಗುರಗಳು ನಡುವಿನ ದ್ವಿಬಂಧದ ಸುತ್ತ ಓರೆಯಾಗಿ ನಿಂತಿವೆ. ದ್ರಾವಣದಲ್ಲಿ ಅವು ತಿರುಗಾಡಿ ಶಕ್ತಿಯನ್ನು ಚಲನೆಯಾಗಿ ವ್ಯಯಮಾಡುತ್ತವೆ. ಜಾಲದಲ್ಲಿ ಬಿಗಿದಾಗ ತಿರುಗಲಾಗದೆ ಶಕ್ತಿ ಬೆಳಕಾಗಿ ಹೊರಬರುತ್ತದೆ, ಓರೆಯಾಗಿರುವುದರಿಂದ ಒತ್ತೊತ್ತಾಗುವ ಭಯವೂ ಕಡಿಮೆ. ಇದನ್ನು ಬಳಸಿ ಡಾಂಗ್‌ಲಿನ್ ಜಿಯಾಂಗ್ ಅವರ ಗುಂಪು 2016ರಲ್ಲಿ ಕಟ್ಟಿದ ಚೌಕಟ್ಟೊಂದು ಹೀರಿದ ಪ್ರತಿ ನೂರು ಬೆಳಕಿನ ಕಣಗಳಿಗೆ ಸುಮಾರು 32ನ್ನು ಮರಳಿ ಸೂಸಿತಲ್ಲದೆ, ಅದರ ಬೋರಾನ್ ಸಂಧಿಗಳು ಅಮೋನಿಯಾವನ್ನು ಹಿಡಿಯುವುದರಿಂದ ಅಮೋನಿಯಾ ಸಂವೇದಕವಾಗಿಯೂ ಕೆಲಸ ಮಾಡಿತು.

ಎರಡನೆಯ ದೊಡ್ಡ ವಿಚಾರ ವರ್ಧನೆಯದು. ಬಿಡಿ ಅಣುಗಳಿರುವ ದ್ರಾವಣದಲ್ಲಿ ಒಂದು ಶಾಮಕ ಒಂದು ದೀಪವನ್ನಷ್ಟೇ ನಂದಿಸೀತು. ಸಂಯುಗ್ಮಿತ ಸರಪಳಿಯಲ್ಲಿ ಹುಟ್ಟಿದ ಉದ್ರೇಕವು, ಅದನ್ನು ಎಕ್ಸೈಟಾನ್ ಎನ್ನುತ್ತಾರೆ, ಒಂದೆಡೆ ನಿಲ್ಲದೆ ಹತ್ತು ನ್ಯಾನೋಮೀಟರಿನ ಆಸುಪಾಸಿನಷ್ಟು ದೂರ ಅಲೆದಾಡಬಲ್ಲದು. ಆ ದಾರಿಯಲ್ಲಿ ಎಲ್ಲಿಯಾದರೂ ಒಂದು ಶಾಮಕ ಕುಳಿತಿದ್ದರೆ ಸಾಕು, ಬೆಳಕು ನಂದುತ್ತದೆ. ಆಗ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ ತಿಮೊತಿ ಸ್ವೇಗರ್ ಮತ್ತು ಸಹೋದ್ಯೋಗಿಗಳು 1995ರಲ್ಲಿ ಇದನ್ನು ಸಾಬೀತುಪಡಿಸಲು ಆರಿಸಿಕೊಂಡ ಅಣು ಪ್ಯಾರಾಕ್ವಾಟ್, ನಮ್ಮ ರೈತರಿಗೂ ಪರಿಚಿತವಾದ ಕಳೆನಾಶಕ. 1998ರಲ್ಲಿ ಅದೇ ಗುಂಪು ಸರಪಳಿಗಳು ಒತ್ತಾಗದಂತೆ ಉಬ್ಬಿದ ಗುಂಪುಗಳನ್ನು ಸೇರಿಸಿ, ನಡುನಡುವೆ ತೆರಪುಳ್ಳ ತೆಳುಪೊರೆಯನ್ನು ಮಾಡಿದಾಗ, ಗಾಳಿಯಲ್ಲಿ ಅತಿ ವಿರಳವಾಗಿ ಬೆರೆಯುವ ಟಿಎನ್‌ಟಿಯ ಆವಿಯನ್ನೂ ಅದು ಕೂಡಲೇ ಗುರುತಿಸಿತು. ನೆಲಬಾಂಬುಗಳನ್ನು ಪತ್ತೆಹಚ್ಚುವ ಉಪಕರಣಕ್ಕೆ ಆ ಪೊರೆಯೇ ಮೂಲವಾಯಿತು. ಮೂರು ದಿಕ್ಕಿಗೂ ಹಬ್ಬಿದ ರಂಧ್ರಜಾಲದಲ್ಲಿ ಎಕ್ಸೈಟಾನಿಗೆ ದಾರಿಗಳು ಇನ್ನೂ ಹೆಚ್ಚು, ಶಾಮಕ ಅಣುವಿಗೆ ಒಳಬರುವ ಬಾಗಿಲುಗಳೂ ಹೆಚ್ಚು. ಜಿಯಾಂಗ್ ಗುಂಪು 2012ರಲ್ಲಿ ಕಾರ್ಬಜೋಲಿನಿಂದ ಮಾಡಿದ ಪಾಲಿಮರು ಎಲೆಕ್ಟ್ರಾನಿನ ಕೊರತೆಯುಳ್ಳ ಆವಿಗಳಿಗೆ ಮಂಕಾಗುವುದನ್ನೂ, ಎಲೆಕ್ಟ್ರಾನಿನಿಂದ ಸಮೃದ್ಧವಾದ ಆವಿಗಳಿಗೆ ಮತ್ತಷ್ಟು ಬೆಳಗುವುದನ್ನೂ ತೋರಿಸಿ, ನಂದುವಿಕೆಯೊಂದೇ ಸಂವೇದನೆಯ ದಾರಿಯಲ್ಲವೆಂದು ಸ್ಥಾಪಿಸಿತು.

ಈ ಕ್ಷೇತ್ರಕ್ಕೆ ಕನ್ನಡನಾಡಿನ ಪ್ರಯೋಗಾಲಯಗಳ ಕೊಡುಗೆಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾರ್ಥಸಾರಥಿ ಮುಖರ್ಜಿ ಅವರ ಗುಂಪು ಪಂಜರದಂಥ ಟೊಳ್ಳು ಅಣುಗಳನ್ನು ಕಟ್ಟಿ, ಪಿಕ್ರಿಕ್ ಆಮ್ಲವೂ ಸೇರಿದಂತೆ ನೈಟ್ರೋ ಸ್ಫೋಟಕಗಳನ್ನು ಪ್ರತಿದೀಪ್ತಿಯಿಂದ ಗುರುತಿಸುವ ಕೆಲಸ ಮಾಡಿದೆ. 1989ರಲ್ಲಿ ಸ್ಥಾಪನೆಯಾದ, ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಾಪಸ್ ಕುಮಾರ್ ಮಾಜಿ ಅವರ ಗುಂಪು ಲೋಹ-ಸಾವಯವ ಚೌಕಟ್ಟುಗಳನ್ನೂ ಸಂಯುಗ್ಮಿತ ಸೂಕ್ಷ್ಮರಂಧ್ರ ಪಾಲಿಮರುಗಳನ್ನೂ ರೂಪಿಸಿ, ಚೌಕಟ್ಟು ಹೀರಿದ ಬೆಳಕಿನ ಶಕ್ತಿ ರಂಧ್ರದೊಳಗಿನ ಅತಿಥಿ ಅಣುವಿಗೆ ಹೇಗೆ ಸಾಗುತ್ತದೆ ಎಂಬುದನ್ನು ಅಧ್ಯಯನ ಮಾಡಿದೆ. ಹೆದ್ದಾರಿ 65ರ ಆರಂಭದ ಊರಾದ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ರಾಹುಲ್ ಬ್ಯಾನರ್ಜಿ ಅವರ ಗುಂಪು 2012ರಲ್ಲಿ ಕುದಿಯುವ ನೀರಿಗೂ ಆಮ್ಲಕ್ಕೂ ಜಗ್ಗದ ಸಹವೇಲೆನ್ಸೀಯ ಚೌಕಟ್ಟುಗಳನ್ನು ತಯಾರಿಸಿತು. ಯಾಘಿಯವರ ಮೊದಲ ಬೋರಾನ್ ಚೌಕಟ್ಟುಗಳು ತೇವಕ್ಕೇ ಒಡೆಯುತ್ತಿದ್ದವೆಂಬುದನ್ನು ನೆನೆದರೆ, ನೀರಿನಲ್ಲಿ ಕೆಲಸ ಮಾಡಬೇಕಾದ ಸಂವೇದಕಕ್ಕೆ ಈ ಹೆಜ್ಜೆ ಎಷ್ಟು ಅಗತ್ಯವಾಗಿತ್ತೆಂದು ತಿಳಿಯುತ್ತದೆ.

5. ಸೂಕ್ಷ್ಮತೆಯ ಲೆಕ್ಕ

ಸಂಶೋಧನಾ ಪ್ರಬಂಧಗಳಲ್ಲಿ ಸ್ಟರ್ನ್–ವೋಲ್ಮರ್ ಸ್ಥಿರಾಂಕವು ಹತ್ತು ಸಾವಿರದಿಂದ ಒಂದು ಲಕ್ಷದ ಮಟ್ಟದಲ್ಲಿದ್ದರೆ ಅದನ್ನು ಒಳ್ಳೆಯದೆಂದು ಎಣಿಸಲಾಗುತ್ತದೆ. ಆದರೆ ಒಳ್ಳೆಯದು ಯಾವುದಕ್ಕೆ ಎಂಬುದನ್ನು ನಿಜವಾದ ನೀರಿನ ಅಂಕಿಗಳ ಮುಂದಿಟ್ಟು ನೋಡಬೇಕು. ಸುಮಾರು 90 ಔಷಧ ತಯಾರಕರ ತ್ಯಾಜ್ಯವನ್ನು ಪಡೆಯುತ್ತಿದ್ದ ಪಟಾನ್‌ಚೆರು ಸಂಸ್ಕರಣಾ ಘಟಕದಿಂದ ಹೊರಬಂದ ನೀರಿನಲ್ಲಿ ಸಿಪ್ರೊಫ್ಲಾಕ್ಸಾಸಿನ್ ಎಂಬ ಪ್ರತಿಜೈವಿಕವು ಲೀಟರಿಗೆ 31 ಮಿಲಿಗ್ರಾಮಿನವರೆಗೆ ಇತ್ತೆಂದು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಅದರ ಅಣುತೂಕ 331 ಆದ್ದರಿಂದ ಇದು ಲೀಟರಿಗೆ ಸುಮಾರು 94 ಮೈಕ್ರೋಮೋಲ್. ಸ್ಥಿರಾಂಕ ಹತ್ತು ಸಾವಿರವೇ ಆಗಿದ್ದರೂ ಈ ಸಾರತೆಯಲ್ಲಿ ಬೆಳಕು ಅರ್ಧಕ್ಕೆ ಇಳಿಯುತ್ತದೆ, ಬರಿಗಣ್ಣಿಗೂ ಕಾಣುತ್ತದೆ. ಕಾರ್ಖಾನೆಯ ಕೊಳವೆಯ ಬಾಯಲ್ಲಿ ಇಂದಿನ ಪದಾರ್ಥಗಳು ಸಾಕು.

ಕುಡಿಯುವ ನೀರಿನ ವಿಷಯ ಬೇರೆ. ಭಾರತೀಯ ಮಾನಕ ಬ್ಯೂರೋದ 2012ರ ಐಎಸ್ 10500 ಮಾನದಂಡದಂತೆ ಪಾದರಸದ ಮಿತಿ ಲೀಟರಿಗೆ 0.001 ಮಿಲಿಗ್ರಾಂ, ಎಂದರೆ ಸುಮಾರು 5 ನ್ಯಾನೋಮೋಲ್. ಸ್ಥಿರಾಂಕ ಒಂದು ಲಕ್ಷವಿದ್ದರೂ ಈ ಮಿತಿಯಲ್ಲಿ ಬೆಳಕು ಕುಗ್ಗುವುದು ಶೇಕಡ 0.05ರಷ್ಟು ಮಾತ್ರ, ದೀಪದ ವೋಲ್ಟೇಜು ಏರಿಳಿದರೆ ಆಗುವ ವ್ಯತ್ಯಾಸವೇ ಇದಕ್ಕಿಂತ ಹೆಚ್ಚು. ಫೀನಾಲಿನ ಮಿತಿಯೂ 0.001 ಮಿಲಿಗ್ರಾಂ, ಅಲ್ಲಿ ಕುಗ್ಗುವಿಕೆ ಶೇಕಡ 0.1. ರಂಧ್ರದ ನಿಜವಾದ ಪಾತ್ರ ಕಾಣಿಸುವುದು ಇಲ್ಲಿ. ರಂಧ್ರದ ಗೋಡೆಗೆ ಪಾದರಸವನ್ನು ಬಿಗಿಯಾಗಿ ಹಿಡಿಯುವ ಗಂಧಕದ ಗುಂಪುಗಳನ್ನು ತೊಡಿಸಿ, ಹೊರಗಿನದಕ್ಕಿಂತ ಒಳಗಿನ ಸಾರತೆಯನ್ನು ಸಾವಿರ ಪಟ್ಟು ಹೆಚ್ಚಿಸಬಹುದಾದರೆ, ಅದೇ 5 ನ್ಯಾನೋಮೋಲ್ ಒಳಗೆ 5 ಮೈಕ್ರೋಮೋಲ್ ಆಗಿ, ಬೆಳಕು ಮೂರನೆಯ ಒಂದು ಭಾಗದಷ್ಟು ಕುಗ್ಗುತ್ತದೆ. ಇಂಥ ಗಂಧಕದ ತೋಳುಗಳುಳ್ಳ ಬೆಳಗುವ ಚೌಕಟ್ಟೊಂದನ್ನು ಚೀನಾದ ಲಾಂಝೋ ವಿಶ್ವವಿದ್ಯಾಲಯದ ಗುಂಪು 2016ರಲ್ಲಿ ತಯಾರಿಸಿ, ಪಾದರಸವನ್ನು ಗುರುತಿಸುವ ಮತ್ತು ನೀರಿನಿಂದ ತೆಗೆಯುವ ಎರಡು ಕೆಲಸಗಳನ್ನೂ ಒಂದೇ ಪದಾರ್ಥದಿಂದ ಮಾಡಿಸಿತು. ರಂಧ್ರವು ದೀಪವನ್ನು ಇಡುವ ಗೂಡು ಮಾತ್ರವಲ್ಲ, ವಿಷವನ್ನು ದೀಪದ ಬಳಿಗೆ ತಂದು ಕೂಡಿಹಾಕುವ ಸಾಧನ ಎಂಬುದನ್ನು ಈ ಲೆಕ್ಕ ತೋರಿಸುತ್ತದೆ.

6. ಆಯ್ಕೆಶೀಲತೆ: ಕಷ್ಟದ ಭಾಗ

ಸೂಕ್ಷ್ಮತೆಗಿಂತ ಕಠಿಣವಾದುದು ಆಯ್ಕೆಶೀಲತೆ, ಎಂದರೆ ಹತ್ತಾರು ವಸ್ತುಗಳ ನಡುವೆ ಬೇಕಾದ ಒಂದಕ್ಕೆ ಮಾತ್ರ ಉತ್ತರಿಸುವ ಗುಣ. ಬೀದರಿನ ಕುಶಲಕರ್ಮಿಗಳ ಕೈಯಲ್ಲಿ ಈ ಗುಣಕ್ಕೆ ಹಳೆಯ ನಿದರ್ಶನವಿದೆ. ಸತುವಿಗೆ ತುಸು ತಾಮ್ರ ಬೆರೆಸಿ ಎರಕಹೊಯ್ದ ಬಿದರಿ ಪಾತ್ರೆಗೆ ಬೆಳ್ಳಿಯ ಕುಸುರಿ ಕೂರಿಸಿ, ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಬಿಸಿಯಾಗಿ ಹಚ್ಚಿದಾಗ, ಸತುವಿನ ಮೈ ಮಾತ್ರ ಅಚ್ಚಗಪ್ಪಾಗಿ ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಎರಡೂ ಲೋಹಗಳನ್ನು ಒಟ್ಟಿಗೆ ಕಪ್ಪಾಗಿಸುವ ಲೇಪನ ಎಷ್ಟೇ ಪ್ರಬಲವಾಗಿದ್ದರೂ ಬಿದರಿ ಕಲೆಗೆ ನಿರುಪಯೋಗಿ. ಸಂವೇದಕದ ವಿಷಯದಲ್ಲಿಯೂ ಎಲ್ಲಕ್ಕೂ ನಂದುವ ದೀಪ ಏನನ್ನೂ ಹೇಳಿದಂತಾಗುವುದಿಲ್ಲ.

ಪಿಕ್ರಿಕ್ ಆಮ್ಲದ ಉದಾಹರಣೆಯನ್ನು ಇಲ್ಲಿ ವಿಮರ್ಶಿಸಬೇಕು. ಈ ಆಮ್ಲವನ್ನು ಗುರುತಿಸುವುದಾಗಿ ಹೇಳುವ ಪ್ರಬಂಧಗಳು ಬಹಳ. ಆದರೆ ಹಳದಿ ಬಣ್ಣದ ಈ ಆಮ್ಲವು ಅತಿನೇರಳೆ ಮತ್ತು ನೇರಳೆ ಬೆಳಕನ್ನು ತಾನೇ ಗಾಢವಾಗಿ ಹೀರುತ್ತದೆ. ಹೀಗಾಗಿ ಪಾಲಿಮರಿಗೆ ತಲುಪಬೇಕಾದ ಬೆಳಕು ದಾರಿಯಲ್ಲಿಯೇ ಕಡಿಮೆಯಾಗಿ, ಪಾಲಿಮರಿನೊಡನೆ ಯಾವ ಸಂಬಂಧವೂ ಇಲ್ಲದೆ ದೀಪ ನಂದಿದಂತೆ ತೋರಬಹುದು. ಇದಕ್ಕೆ ಒಳಸೋಸು ಪರಿಣಾಮ ಎನ್ನುತ್ತಾರೆ. ನಿಜವಾದ ಶಮನವನ್ನು ತೋರಿಕೆಯ ಶಮನದಿಂದ ಬೇರ್ಪಡಿಸಲು ಎರಡು ಪರೀಕ್ಷೆಗಳು ಬೇಕು. ದ್ರಾವಣ ಎಷ್ಟು ಬೆಳಕನ್ನು ಹೀರುತ್ತದೆಂದು ಅಳೆದು ಬೆಳಕಿನ ಅಂಕಿಯನ್ನು ತಿದ್ದುವುದು ಒಂದು. ಉದ್ರೇಕದ ಆಯುಸ್ಸನ್ನು ಅಳೆಯುವುದು ಇನ್ನೊಂದು. ಶಾಮಕವು ಉದ್ರಿಕ್ತ ಅಣುವಿಗೆ ಢಿಕ್ಕಿ ಹೊಡೆದು ನಂದಿಸುತ್ತಿದ್ದರೆ ಆಯುಸ್ಸೂ ಬೆಳಕಿನಷ್ಟೇ ಕುಗ್ಗುತ್ತದೆ. ಮೊದಲೇ ಬಂದು ರಂಧ್ರದಲ್ಲಿ ಕುಳಿತಿದ್ದರೆ, ಅಥವಾ ಒಳಸೋಸು ಪರಿಣಾಮವಿದ್ದರೆ, ಆಯುಸ್ಸು ಬದಲಾಗುವುದಿಲ್ಲ. ಆದ್ದರಿಂದ ಎರಡು ಪರೀಕ್ಷೆಗಳನ್ನೂ ಜೊತೆಗಿಟ್ಟೇ ತೀರ್ಮಾನಿಸಬೇಕು. ಸಿಪ್ರೊಫ್ಲಾಕ್ಸಾಸಿನ್ ಬಗೆಗಂತೂ ಇನ್ನೊಂದು ಎಚ್ಚರ ಅಗತ್ಯ: ಅದೂ ಅತಿನೇರಳೆಯಲ್ಲಿ ನೀಲಿಯಾಗಿ ಬೆಳಗುವ ಅಣುವಾದ್ದರಿಂದ, ನೀಲಿಯಾಗಿ ಬೆಳಗುವ ಪಾಲಿಮರಿನೊಡನೆ ಅದನ್ನು ಅಳೆಯಹೊರಟರೆ ಯಾವ ಬೆಳಕು ಯಾರದೆಂದು ತಿಳಿಯದು. ಅದಕ್ಕೆ ಹಸಿರು ಅಥವಾ ಕೆಂಪು ಬೆಳಕಿನ ಚೌಕಟ್ಟನ್ನು ಆರಿಸಿ, ಎರಡು ಬಣ್ಣಗಳ ಅನುಪಾತವನ್ನು ಅಳೆಯುವುದು ಸರಿ. ಅನುಪಾತ ಅಳೆದರೆ ದೀಪದ ಏರಿಳಿತವೂ ಲೆಕ್ಕದಿಂದ ಹೊರಗುಳಿಯುತ್ತದೆ.

7. ಹುಮನಾಬಾದಿನ ಬಾವಿಗೆ ತಕ್ಕ ವಿನ್ಯಾಸ

ಈ ತತ್ತ್ವಗಳನ್ನು ಹುಮನಾಬಾದಿನ ನೀರಿಗೆ ಅನ್ವಯಿಸಿದರೆ ಮೊದಲು ತಿಳಿಯುವುದು ಯಾವುದಕ್ಕೆ ಇವು ಬೇಕಿಲ್ಲ ಎಂಬುದು. ಲೀಟರಿಗೆ 45 ಮಿಲಿಗ್ರಾಂ ಮಿತಿಯ ನೈಟ್ರೇಟನ್ನೂ, 1ರಿಂದ 1.5 ಮಿಲಿಗ್ರಾಂ ಮಿತಿಯ ಫ್ಲೋರೈಡನ್ನೂ ಈಗಿರುವ ಬಣ್ಣದ ಪರೀಕ್ಷೆ ಮತ್ತು ಅಯಾನು ವಿದ್ಯುದ್ವಾರಗಳು ಅಗ್ಗವಾಗಿ ಅಳೆಯುತ್ತವೆ. ಅವುಗಳ ಜಾಗದಲ್ಲಿ ದುಬಾರಿ ಪಾಲಿಮರನ್ನು ತರುವುದು ಜಾಣತನವಲ್ಲ. ಬೆಳಗುವ ರಂಧ್ರಗಳ ಅಗತ್ಯವಿರುವುದು ಬಣ್ಣವಿಲ್ಲದ, ವಾಸನೆಯಿಲ್ಲದ, ಸರಳ ಪರೀಕ್ಷೆ ಇಲ್ಲದ ಸಾವಯವ ಅಣುಗಳಿಗೆ: ಪ್ರತಿಜೈವಿಕಗಳಿಗೆ, ನೈಟ್ರೋ ಸಂಯುಕ್ತಗಳಿಗೆ, ಕೀಟನಾಶಕಗಳಿಗೆ, ಉದ್ಯಮದ ದ್ರಾವಕಗಳ ಆವಿಗೆ.

ಎರಡನೆಯದು, ಹಿನ್ನೆಲೆಯ ನೀರು. ಬಸಾಲ್ಟಿನ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟುಗಳಿರುತ್ತವೆ. ಮುಂಗಾರಿನ ಮೊದಲ ಮಳೆಗೆ ಜಂಬಿಟ್ಟಿಗೆಯ ತುಕ್ಕುಗೆಂಪಿನ ಕಣಗಳು ಬಾವಿಗೆ ಇಳಿಯುತ್ತವೆ. ಕಬ್ಬಿಣದ ಫೆರಿಕ್ ಅಯಾನು ಅತಿನೇರಳೆಯನ್ನು ಹೀರುವುದರಲ್ಲಿಯೂ ಬಗೆಬಗೆಯ ದೀಪಗಳನ್ನು ನಂದಿಸುವುದರಲ್ಲಿಯೂ ಹೆಸರುವಾಸಿ, ತುಕ್ಕಿನ ಕಣಗಳು ಬೆಳಕನ್ನು ಚದುರಿಸುತ್ತವೆ. ಹೀಗಾಗಿ ಸೋಸುವ ಹಂತ, ಕಬ್ಬಿಣವನ್ನು ಕಟ್ಟಿಹಾಕುವ ಕಾರಕ, ಅಯಾನುಗಳಿಗೆ ಅಷ್ಟಾಗಿ ಒಲಿಯದೆ ಸಾವಯವ ಅಣುಗಳನ್ನು ಸೆಳೆಯುವ ಜಲವಿಕರ್ಷಕ ಗೋಡೆಯ ರಂಧ್ರ, ಇವು ವಿನ್ಯಾಸದ ಭಾಗಗಳೇ ಆಗಬೇಕು. ಬೇಸಿಗೆಯಲ್ಲಿ ಈ ಸೀಮೆಯ ಉಷ್ಣತೆ 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ, ಬಿಸಿಯೇರಿದಂತೆ ಪ್ರತಿದೀಪ್ತಿ ಸಾಮಾನ್ಯವಾಗಿ ಇಳಿಯುತ್ತದೆ. 25 ಡಿಗ್ರಿಯಲ್ಲಿ ತಯಾರಿಸಿದ ಅಳತೆಯ ಕೋಷ್ಟಕವನ್ನು ಮೇ ತಿಂಗಳ ಬಾವಿಕಟ್ಟೆಯಲ್ಲಿ ಬಳಸಿದರೆ ಇಲ್ಲದ ವಿಷ ಇದ್ದಂತೆ ತೋರೀತು.

ಮೂರನೆಯದು, ಪದಾರ್ಥದ ರೂಪ. ಕರಗದ ಪುಡಿಯನ್ನು ಬಾವಿಯ ಬಳಿ ತೂಗಿ, ಕಲಕಿ, ಅಳೆಯಲಾಗದು. ಸೂಕ್ಷ್ಮ ಎಮಲ್ಷನ್ನಿನಲ್ಲಿ ಪಾಲಿಮರನ್ನು ಬೆಳೆಸಿ ನ್ಯಾನೋ ಕಣಗಳಾಗಿಸಿ ಸೋಸುಕಾಗದಕ್ಕೆ ಲೇಪಿಸುವುದು, ಕಾರ್ಬಜೋಲ್ ಅಣುಗಳನ್ನು ವಿದ್ಯುತ್ತಿನಿಂದ ನೇರವಾಗಿ ತೆಳುಪೊರೆಯಾಗಿ ಬೆಸೆಯುವುದು, ಇಲ್ಲವೆ ಕೂಪರ್ ಗುಂಪು 2009ರಲ್ಲಿ ತೋರಿಸಿದಂತೆ ದ್ರಾವಕದಲ್ಲಿ ಕರಗುವ ರಂಧ್ರಯುಕ್ತ ಪಂಜರ ಅಣುಗಳನ್ನು ಆಶ್ರಯಿಸುವುದು, ಈ ಮೂರೂ ತೆರೆದ ದಾರಿಗಳು. ಲೇಪಿತ ಪಟ್ಟಿಯ ಮೇಲೆ 365 ನ್ಯಾನೋಮೀಟರಿನ ಎಲ್‌ಇಡಿ ಟಾರ್ಚು ಬಿಟ್ಟು ಮೊಬೈಲ್ ಕ್ಯಾಮೆರಾದಲ್ಲಿ ಬಣ್ಣ ಓದುವುದು ಅಗ್ಗದ ವಿಧಾನ. ಒಂದೇ ಪಟ್ಟಿಯನ್ನು ನೆಚ್ಚದೆ, ಬೇರೆ ಬೇರೆ ರಂಧ್ರ, ಬೇರೆ ಬೇರೆ ಬಣ್ಣಗಳ ಐದಾರು ಚುಕ್ಕೆಗಳನ್ನು ಸಾಲಾಗಿ ಹಚ್ಚಿ, ಅವುಗಳ ಒಟ್ಟು ವಿನ್ಯಾಸದಿಂದ ವಸ್ತುವನ್ನು ಗುರುತಿಸಿದರೆ, ಒಂದೊಂದು ಚುಕ್ಕೆಯ ಆಯ್ಕೆಶೀಲತೆ ಅಪೂರ್ಣವಾಗಿದ್ದರೂ ಇಡೀ ಸಾಲಿನ ತೀರ್ಪು ನಂಬಲರ್ಹವಾಗುತ್ತದೆ. ಅಷ್ಟಾದರೂ ಈ ತೀರ್ಪು ಮೊದಲ ಸೂಚನೆಯೇ ಹೊರತು ಕೊನೆಯ ಪ್ರಮಾಣವಲ್ಲ. ಸಂಶಯ ಬಂದ ಬಾವಿಯ ನೀರು ದ್ರವ್ಯರಾಶಿ ರೋಹಿತಮಾಪಕದವರೆಗೆ ಹೋಗಲೇಬೇಕು.

8. ಉಪಸಂಹಾರ

ಅಣುಗಳನ್ನು ಬಯಸಿದಂತೆ ಬೆಸೆಯುವ ಕಲೆ ಇಂದು ಬಹಳ ಮುಂದುವರಿದಿದೆ. ಎಂಥ ರಂಧ್ರ ಬೇಕು, ಯಾವ ಬಣ್ಣ ಬೇಕು ಎಂದು ಸ್ಪಷ್ಟವಾಗಿ ಕೇಳಿದರೆ ಅದನ್ನು ಕಟ್ಟಿಕೊಡುವ ಗುಂಪುಗಳು ಬೆಂಗಳೂರಿನಲ್ಲಿಯೂ ಪುಣೆಯಲ್ಲಿಯೂ ಇವೆ. ಕೊರತೆಯಿರುವುದು ಕೇಳುವ ಕಡೆ. ಯಾವ ಬಾವಿಯಲ್ಲಿ, ಯಾವ ಋತುವಿನಲ್ಲಿ, ಎಷ್ಟು ಗಡಸು ನೀರಿನಲ್ಲಿ, ಎಷ್ಟು ಕಬ್ಬಿಣದ ನಡುವೆ, ಯಾವ ಅಣುವನ್ನು ಯಾವ ಮಿತಿಯಲ್ಲಿ ಹಿಡಿಯಬೇಕು ಎಂಬ ಪಟ್ಟಿಯಿಲ್ಲದೆ ತಯಾರಾದ ಸಂವೇದಕವು ಶುದ್ಧ ನೀರಿನಲ್ಲಿ ಗೆದ್ದು ಬಾವಿನೀರಿನಲ್ಲಿ ಸೋಲುತ್ತದೆ. ಈ ಪಟ್ಟಿಯನ್ನು ತಯಾರಿಸಲು ಕೋಟಿ ರೂಪಾಯಿಯ ಯಂತ್ರ ಬೇಕಿಲ್ಲ. ಬಸವಕಲ್ಯಾಣ, ಹುಮನಾಬಾದ್, ಬೀದರಿನ ಪದವಿ ಕಾಲೇಜುಗಳ ರಸಾಯನಶಾಸ್ತ್ರ ವಿಭಾಗಗಳು ಆಮ್ಲೀಯತೆ, ಗಡಸುತನ, ಕಬ್ಬಿಣ, ಅತಿನೇರಳೆ ಹೀರಿಕೆ ಈ ನಾಲ್ಕನ್ನು ಮಳೆಗಾಲದ ಮುನ್ನ ಮತ್ತು ನಂತರ ಅಳೆದು ಬಾವಿವಾರು ದಾಖಲಿಸಿದರೆ, ಪದಾರ್ಥ ವಿಜ್ಞಾನಿಗೆ ತನ್ನ ರಂಧ್ರದ ಗೋಡೆ ಹೇಗಿರಬೇಕು, ದೀಪದ ಬಣ್ಣ ಯಾವುದಿರಬೇಕು ಎಂಬುದಕ್ಕೆ ಬೇಕಾದ ಮಾಹಿತಿಯ ಹೆಚ್ಚಿನ ಭಾಗ ದೊರೆತಂತೆಯೇ. ವಿನ್ಯಾಸದ ಮೊದಲ ಅರ್ಧ ನೀರು ಇರುವ ಊರಿನವರದು, ಎರಡನೆಯ ಅರ್ಧ ಅಣುವನ್ನು ಕಟ್ಟುವವರದು. ಮೊದಲರ್ಧವನ್ನು ಈ ಸೀಮೆಯ ಕಾಲೇಜುಗಳು ಇಂದು ಇರುವ ಉಪಕರಣಗಳಿಂದಲೇ ಆರಂಭಿಸಬಹುದು.